ಗೆಸ್ಟ್ ಮೇಡಂ ಬರೆಸಿದ ನಕ್ಷೆಗಳು

ಕಳೆದ ವಾರ ನಮ್ಮ ಭೂಗೋಳ ವಿಭಾಗದ ಬೀರು ತೆಗೆದಾಗ ಕಮಟು ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಇಲಿ ಏನಾದರೂ ಸತ್ತಿದೆಯೋ ಎಂದು ಗೊಣಗುತ್ತ ಕೈಹಾಕಿದರೆ ಸಿಕ್ಕಿದ್ದು ಒಂದು ಕಾಗದದ ಸುರುಳಿ. ಕಡಲೆಕಾಯಿ ಎಣ್ಣೆ ಸವರಿ, ಕೆಳಗಿನ ಗೆರೆ ಮೇಲೆ ಕಾಣುವಂತೆ ಮಾಡಿಕೊಂಡ ಹಾಳೆಗಳು. ಟ್ರೇಸಿಂಗ್ ಹಾಳೆಗೆ ನಾವು ಹಾಕಿದ ಬೇಡಿಕೆ ಪತ್ರ ಆಫೀಸಿನಲ್ಲೇ ಕೊಳೆಯುತ್ತಿದ್ದಾಗ ಈ ಉಪಾಯವನ್ನು ಮಕ್ಕಳಿಗೆ ಕಲಿಸಿದವರು ಅವರು…

ಗೆಸ್ಟ್ ಮೇಡಂ. ಹುಡುಗರು ಹಾಗೇ ಕರೆಯುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಅತಿಥಿ ಉಪನ್ಯಾಸಕಿ ಎನ್ನುವುದು ಕಾಗದದ ಮೇಲಿನ ಮಾತು. ಅತಿಥಿ ಎಂದರೆ ಮನೆಯಲ್ಲಿ ಮಣೆ ಹಾಕಿ ಕೂರಿಸುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿಯೂ ಇರಲಿಲ್ಲ. ಯಾರು ಕ್ಲಾಸಿಗೆ ಹೋದರೋ ಅವರ ಕುರ್ಚಿಯಲ್ಲಿ ಕೂತು, ಅವರು ಬಂದ ಕೂಡಲೇ ಎದ್ದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಕಿರಂಗೂರಿನವರು. ವಾರದಲ್ಲಿ ಮೂರು ದಿನ ನಮ್ಮಲ್ಲಿ, ಮೂರು ದಿನ ನಾಗಮಂಗಲದಲ್ಲಿ. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು, ಹೊಸದಾಗಿ ಪಟ್ಟಿಯಲ್ಲಿ ಹೆಸರು ಬರಬೇಕು. ಹನ್ನೊಂದು ವರ್ಷ ಅವರು ಹಾಗೆ ಹೊಸಬರಾಗಿಯೇ ಇದ್ದರು.

ನಾನು ವಿಭಾಗದ ಮುಖ್ಯಸ್ಥ. ನಿಜ ಹೇಳಬೇಕೆಂದರೆ ಅವರನ್ನು ಕಂಡರೆ ನನಗೆ ರೇಗುತ್ತಿತ್ತು. ಅವರ ಕ್ಲಾಸಿನಲ್ಲಿ ವಿಪರೀತ ಗಲಾಟೆ. ಪಕ್ಕದ ಕೋಣೆಯಲ್ಲಿ ನಾನು ಒಂಬತ್ತು ಜನಕ್ಕೆ ನೋಟ್ಸ್ ಬರೆಸುತ್ತಿದ್ದರೆ ಗೋಡೆಯಾಚೆ ಮೂವತ್ತು ಜನ ಒಟ್ಟಿಗೆ ಮಾತಾಡುತ್ತಿದ್ದರು. ಒಂದು ಸಲ ನಾನೇ ಹೋಗಿ ಬಾಗಿಲು ತಟ್ಟಿದೆ. ಹೊರಗೆ ಬಂದವರ ಮುಖದಲ್ಲಿ ಅಪರಾಧಿ ಭಾವವೇ ಇಲ್ಲ. “ಜಗಳ ಆಡ್ತಾವ್ರೆ ಸರ್. ಯಾರೂರ ತೂಬಲ್ಲಿ ಮೊದ್ಲು ನೀರು ಬುಡ್ತಾರೆ ಅಂತ. ಒಂದೈದು ನಿಮಿಷ ಆಡ್ಕೊಳ್ಲಿ” ಎಂದು ನಕ್ಕು ಒಳಗೆ ಹೋದರು.

ಅವರು ಕೊನೆಯ ವರ್ಷದ ಮಕ್ಕಳಿಗೆ ಕೊಟ್ಟಿದ್ದ ಕೆಲಸ ಅದು. ಪ್ರತಿಯೊಬ್ಬರೂ ತಮ್ಮ ಊರಿಗೆ ನಾಲೆಯ ನೀರು ಬರುವ ದಾರಿಯ ನಕ್ಷೆ ಬರೆಯಬೇಕು. ಎಲ್ಲಿ ತೂಬು, ಯಾರ ಗದ್ದೆಗೆ ಯಾವಾಗ ನೀರು, ಎಲ್ಲಿಗೆ ಹೋಗಿ ನಿಲ್ಲುತ್ತದೆ. ನೀರಾವರಿ ಇಲಾಖೆಯ ನಕ್ಷೆಯ ಮೇಲೆ ಎಣ್ಣೆ ಹಾಳೆ ಇಟ್ಟು ಗೆರೆ ಎಳೆದುಕೊಂಡು, ಊರಲ್ಲಿ ಕಾಲುವೆಯ ಏರಿ ಮೇಲೆ ನಡೆದು ಅದನ್ನು ತಿದ್ದಬೇಕು. ಬರೀ ಬಸ್ ಪಾಸಿಗಾಗಿ ಕಾಲೇಜು ಸೇರಿದ್ದ ಹುಡುಗರೂ ಅಜ್ಜಂದಿರನ್ನು ಕೇಳಿಕೊಂಡು ಬರತೊಡಗಿದರು. ಅಂಕ ಇರುವುದು ಇಷ್ಟೇ, ಇದಕ್ಕೆಲ್ಲ ಯಾಕೆ ಇಷ್ಟು ಹಾರಾಟ ಎಂದು ನಾನು ಗೊಣಗಿದೆ.

ಆ ಸೆಮಿಸ್ಟರಿನ ನಡುವೆ, ಇನ್ನು ಎಂಟು ವಾರ ಬಾಕಿ ಇರುವಾಗ, ವರ್ಗಾವಣೆಯಾಗಿ ಒಬ್ಬ ಕಾಯಂ ಉಪನ್ಯಾಸಕರು ನಮ್ಮಲ್ಲಿಗೆ ಬಂದರು. ಕಾಯಂನವರು ಬಂದರೆ ಗೆಸ್ಟ್ ಹೋಗಬೇಕು, ನಿಯಮ. ಆದರೆ ಆಫೀಸಿನ ಗುಮಾಸ್ತರು ನನ್ನನ್ನು ಕರೆದು ಮೆಲ್ಲಗೆ ಹೇಳಿದ್ದರು: “ಕಾಯಂನೋರ್ಗೆ ಕೊಟ್ಟ ಮ್ಯಾಲೂ ವಾರಕ್ಕೆ ಎಂಟು ಗಂಟೆ ಪಾಠ ಉಳೀತದೆ ಸಾ. ನೀವೊಂದು ಲೆಟ್ರು ಬರ್ಕೊಟ್ರೆ ಮೇಡಮ್ನೋರ್ನ ಉಳಿಸ್ಕೋಬೋದು.” ಲೆಟರು ಬರೆಯಬೇಕೆಂದರೆ ಇಡೀ ವಿಭಾಗದ ವೇಳಾಪಟ್ಟಿ ಮತ್ತೆ ಮಾಡಬೇಕಿತ್ತು. ನೋಡೋಣ ಎಂದೆ. ಮೇಡಂ ಕೂಡ ಒಮ್ಮೆ ಕಿಟಕಿಯ ಹತ್ತಿರ ನಿಂತು ಕೇಳಿದರು, “ಸರ್, ಆ ಲೆಟರು…” ಅವರಿಗೂ ಅದೇ ಉತ್ತರ. ಎರಡು ವಾರ ನೋಡೋಣ, ನೋಡೋಣ ಎಂದೆ. ಮೂರನೇ ವಾರ ಅವರ ಬಿಡುಗಡೆಯ ಆದೇಶ ಬಂತು. ಹೊಸದಾಗಿ ಬಂದ ಮಹಾಶಯರು ಮೇಡಂ ಹೋದ ನಾಲ್ಕನೇ ದಿನಕ್ಕೇ ರಜೆ ಹಾಕಿ ಹೋದರು. ಕ್ಲಾಸು ಖಾಲಿ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಒಂದು ಶನಿವಾರ ಪ್ರಿನ್ಸಿಪಾಲರು ನನ್ನನ್ನು ಕರೆದು ಕೂಗಾಡಿದರು. ಬಿಡುಗಡೆಯಾದ ಗೆಸ್ಟ್ ಭಾನುವಾರಗಳಂದು ನಮ್ಮ ಮಕ್ಕಳನ್ನು ಕರಿಘಟ್ಟಕ್ಕೆ ಕರೆದುಕೊಂಡು ಹೋಗಿ ಪಾಠ ಮಾಡುತ್ತಿದ್ದಾರಂತೆ. ಯಾರ ಅನುಮತಿ? ನಾಳೆ ಯಾರಾದರೂ ಕಾಲು ಜಾರಿ ಬಿದ್ದರೆ ಯಾರು ಹೊಣೆ? ಕಾಲೇಜಿನ ಮಕ್ಕಳಿಗೂ ನಿಮಗೂ ಸಂಬಂಧವಿಲ್ಲ ಎಂದು ಮೇಡಂ ಹೆಸರಿಗೆ ಬರೆಸಿದ್ದ ಒಂದು ನೋಟೀಸನ್ನು ಕೈಗಿಟ್ಟು, ನೀವೇ ಹೋಗಿ ಕೊಟ್ಟು ಬನ್ನಿ ಎಂದರು.

ಭಾನುವಾರದ ನಿದ್ದೆ ಕೆಟ್ಟ ಸಿಟ್ಟಿನಲ್ಲಿ, ಮೆಟ್ಟಿಲಿಗೊಂದು ಬೈಗುಳದಂತೆ ಎಣಿಸುತ್ತ ಬೆಟ್ಟ ಹತ್ತಿದೆ. ದೇವಸ್ಥಾನದ ಆಚೆ ಬಂಡೆಯ ಮೇಲೆ ಅವರೆಲ್ಲ ಕೂತಿದ್ದರು. ಕೆಳಗೆ ಲೋಕಪಾವನಿ ಬಂದು ಕಾವೇರಿಗೆ ಸೇರುವ ಜಾಗ ಬೆಳಗಿನ ಬಿಸಿಲಲ್ಲಿ ಹೊಳೆಯುತ್ತಿತ್ತು. ಗಾಳಿಗೆ ಹಾರದಂತೆ ಹಾಳೆಗಳ ಮೂಲೆಗೆ ಕಲ್ಲು ಇಟ್ಟಿದ್ದರು. ಅರಕೆರೆ ಕಡೆಯ ಒಬ್ಬ ಹುಡುಗಿ ಎದ್ದು ನಿಂತು ಮಾತಾಡುತ್ತಿದ್ದಳು.

“ಸರ್ಕಾರದ ನಕ್ಷೇಲಿ ನಮ್ಮೂರ್ಗಂಟ ನಾಲೆ ಬರ್ದವ್ರೆ ಮೇಡಂ. ಆದ್ರೆ ಕಡೇ ಎರಡು ತೂಬ್ಗೆ ನೀರೇ ಬರಾಕಿಲ್ಲ. ನಮ್ಮವ್ವ ಅಲ್ಲಿ ಹುರುಳಿ ಆಕ್ತಳೆ, ಭತ್ತ ಅಲ್ಲ. ನಾನು ಇರಾದ್ನ ಬರೀಲೋ, ಅವ್ರು ಬರ್ದಿರಾದ್ನ ಬರೀಲೋ?”

“ನೀನು ಏರಿ ಮೇಲೆ ನಡ್ದು ನೋಡಿದೀಯಾ?”

“ಊ ಮೇಡಂ. ಎರಡು ಸಲ.”

“ಹಂಗಾದ್ರೆ ನೀನು ನೋಡಿದ್ನೇ ಬರಿ. ಪಕ್ಕದಲ್ಲಿ ತಾರೀಕು ಹಾಕು.”

ಆ ಹುಡುಗಿ ಎರಡು ವರ್ಷ ನನ್ನ ಕ್ಲಾಸಿನಲ್ಲಿ ಬಾಯಿ ತೆರೆದವಳಲ್ಲ. ದಡ್ಡಿ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆಗಲಾದರೂ ನೋಟೀಸನ್ನು ಜೇಬಿನಲ್ಲೇ ಇಟ್ಟುಕೊಂಡು ಇಳಿದು ಬರಬಹುದಿತ್ತು. ಬರಲಿಲ್ಲ… ಕೊಟ್ಟೆ. ಮೇಡಂ ನಿಂತೇ ಓದಿ, ಮಡಿಚಿ ಬ್ಯಾಗಿಗೆ ಹಾಕಿಕೊಂಡರು. “ಹನ್ನೆರಡು ಗಂಟೆಗೆ ಇವ್ರಿಗೆ ಬಸ್ಸು ಸರ್. ಅಲ್ಲೀಗಂಟ ಬುಡಿ, ಇವತ್ತಿಗೆ ಮುಗ್ದೋಗ್ತದೆ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ಕಿರಿಕಿರಿ. ನಾನು ಹಿಂದೆ ಒಂದು ಬಂಡೆಯ ಮೇಲೆ ಕೂತೆ. ಅವರು ಹೇಳಿದಂತೆ ಬಸ್ಸಿನ ಹೊತ್ತಿಗೆ ಮುಗಿಸಿದರು.

ನಕ್ಷೆಗಳನ್ನು ನೋಡಿ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕೈ ಕುಲುಕಿದರು. ಬಿಡುಗಡೆಯಾದವರು ಸಹಿ ಮಾಡುವಂತಿಲ್ಲವಲ್ಲ, ಹಾಗಾಗಿ ಮಾರ್ಗದರ್ಶಕರು ಎಂದಿದ್ದ ಕಡೆಯೆಲ್ಲ ನನ್ನ ಸಹಿ ಇತ್ತು. ಇದು ನನ್ನ ಕೆಲಸವಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಬಂತು.

ಮರುವರ್ಷ ಆ ಕಾಯಂ ಮಹಾಶಯರು ಕೆ.ಆರ್. ಪೇಟೆಗೆ ವರ್ಗ ಮಾಡಿಸಿಕೊಂಡು ಹೋದರು. ಅಂದೇ ಕೂತು, ಗೆಸ್ಟ್ ಮೇಡಂ ನಮಗೆ ಬೇಕೇ ಬೇಕು ಎಂದು ಪತ್ರ ಬರೆದೆ. ಒಂದು ಪುಟ. ವೇಳಾಪಟ್ಟಿಯೂ ಸೇರಿ ಅರ್ಧ ಗಂಟೆ ಹಿಡಿಯಲಿಲ್ಲ. ಆ ಪತ್ರ ಹಿಡಿದುಕೊಂಡು ಕಿರಂಗೂರಿಗೆ ಹೋದೆ. ಅವರು ಹಾಲಿನ ಡೈರಿಯಲ್ಲಿದ್ದರು. ಕಾರ್ಯದರ್ಶಿ ಕೆಲಸ ಸಿಕ್ಕಿತ್ತಂತೆ.

“ಈ ವರ್ಷ ಅರ್ಜೀನೇ ಹಾಕಿಲ್ಲ ಸರ್,” ಎಂದರು. ಪತ್ರವನ್ನು ಪೂರ್ತಿ ಓದಿ, ಒಂದು ಕಾಗುಣಿತದ ತಪ್ಪು ತೋರಿಸಿ ವಾಪಸು ಕೊಟ್ಟರು. “ಪಾಠ ಮಾಡೋಕೆ ಈಗ್ಲೂ ಆಸೆ ಐತೆ. ಆದ್ರೆ ವರ್ಷಾ ವರ್ಷಾ ನಾನು ಬೇಕೋ ಬ್ಯಾಡ್ವೋ ಅಂತ ಬಾಗ್ಲಲ್ಲಿ ನಿಂತು ಕೇಳೋದು ಸಾಕಾಗ್ಬುಟ್ಟದೆ.”

ಹೋದ ವರ್ಷವೇ ಬರೆಯಬೇಕಿತ್ತು ಎಂದೆ. ಹಾಲು ತಂದವರು ಕಾಯುತ್ತಿದ್ದಾರೆ ಎಂದು ಅವರು ಒಳಗೆ ಹೋದರು…

ಅದಾದ ಮೇಲೆ ನಮ್ಮಲ್ಲಿ ನಾಲ್ಕು ಜನ ಗೆಸ್ಟ್‌ಗಳು ಬಂದು ಹೋದರು. ನಾಲೆಯ ನಕ್ಷೆ ಬರೆಸುವವರು ಇಲ್ಲ. ಈ ವರ್ಷ ಭೂಗೋಳ ತೆಗೆದುಕೊಂಡವರು ಏಳು ಮಂದಿ. ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ನಾವು ಮೀಟಿಂಗಿನಲ್ಲಿ ಬರೆದು ಕಳಿಸಿದ್ದೇವೆ. ಅದಕ್ಕೂ ನನ್ನದೇ ಸಹಿ.

ನಾನು ಪಾಂಡವಪುರಕ್ಕೆ ಹಿಂತಿರುಗುವ ಸಂಜೆ ಬಸ್ಸು ಕಿರಂಗೂರಿನಲ್ಲಿ ನಿಲ್ಲುತ್ತದೆ. ಮೊನ್ನೆ ಕಿಟಕಿಯಿಂದ ನೋಡಿದೆ. ಡೈರಿಯ ಜಗಲಿಯ ಮೇಲೆ ಅವರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಏನನ್ನೋ ಬರೆಯುತ್ತಿದ್ದರು. ಹಾಲಿನ ಕ್ಯಾನು ಹಿಡಿದ ಹೆಂಗಸರು ಸಾಲು ಬಿಟ್ಟು ಸುತ್ತ ಬಗ್ಗಿ ನೋಡುತ್ತಿದ್ದರು. ಒಬ್ಬಾಕೆ ಅವರ ಜೊತೆ ಜೋರಾಗಿ ವಾದ ಮಾಡುತ್ತಿದ್ದಳು. ಇಳಿಯಲೆಂದು ಎದ್ದವನು, ಇಳಿದು ಏನು ಹೇಳಲಿ ಎಂದು ಹಾಗೇ ನಿಂತೆ. ಕಂಡಕ್ಟರು ಇಳಿಯೋರು ಇದ್ದಾರಾ ಎಂದು ಎರಡು ಸಲ ಕೇಳಿ, ಸೀಟಿ ಊದಿದ.