ಸುನಿಲ್ಡಾ ಟೀಚರ ಗಂಟಲು

ಸುನಿಲ್ಡಾ ಓವೆಲಾರ್ ಗಂಟಲು ಕೆಡಿಸಿಕೊಂಡದ್ದು ಪಾಠ ಹೇಳಿ ಅಲ್ಲ, ಕಿರುಚಿ. ಕಾಸಪಾ ಕಡೆಯ ನಮ್ಮ ಶಾಲೆಗೆ ಬರುವ ಹೊಸ ಟೀಚರುಗಳೆಲ್ಲ ಮೊದಲು ಕಲಿಯುವುದೇ ಅದನ್ನು. ತಗಡಿನ ಮಾಡು, ಕೆಂಡದಂಥ ಬಿಸಿಲು, ಕೋಣೆ ತುಂಬ ಮಕ್ಕಳು. ಕಿರುಚದೆ ಇನ್ನೇನು ಮಾಡಿಯಾರು? ಪಕ್ಕದ ಆರನೇ ಕ್ಲಾಸಿನಲ್ಲಿ ನಾನು ಇವತ್ತಿಗೂ ಕಿರುಚುತ್ತೇನೆ. ಸುನಿಲ್ಡಾ ಮಾತ್ರ ಅರ್ಧ ಆಯುಷ್ಯ ಕಿರುಚಿ ಒಂದು ದಿನ ನಿಲ್ಲಿಸಿದರು. ಜ್ಞಾನೋದಯವೇನೂ ಆಗಿರಲಿಲ್ಲ ಪಾಪ, ದನಿ ಹೊರಡುತ್ತಿರಲಿಲ್ಲ.

ಆಮೇಲೆ ಅವರು ಕಂಡುಕೊಂಡ ಉಪಾಯ ತೆರೆರೆ. ನಮ್ಮಲ್ಲಿ ತೆರೆರೆ ಇಲ್ಲದೆ ಯಾವ ಕೆಲಸವೂ ಸಾಗದು. ಕೊಂಬಿನ ಲೋಟಕ್ಕೆ ಎರ್ಬಾ ಎಲೆಯ ಪುಡಿ ತುಂಬಿ, ಐಸ್ ನೀರು ಸುರಿದು, ಒಂದೇ ಕೊಳವೆಯಲ್ಲಿ ಎಲ್ಲರೂ ಸರದಿಯಂತೆ ಹೀರುವುದು. ಸುರಿದು ಕೊಡುವವರು ಒಬ್ಬರೇ. ಓದಿನ ಗಂಟೆಯಲ್ಲಿ ಸುನಿಲ್ಡಾ ನೀರಿನ ಹೂಜಿಯನ್ನು ಕ್ಲಾಸಿಗೇ ದೊಡ್ಡ ಬಾಯಿಯವಳಾದ ದಿಗ್ನಾಳ ಕೈಗೆ ಕೊಟ್ಟರು. ಲೋಟ ಯಾರ ಕೈಗೆ ಬರುತ್ತದೋ ಅವರು ಕುಡಿದು, ಒಂದು ಪ್ಯಾರಾ ಓದಿ, ಲೋಟ ವಾಪಸು ಕೊಡಬೇಕು. ಮುಂದಿನ ಸರದಿ ಯಾರದ್ದು ಎಂದು ನೆನಪಿಡುವ ಗಡಿಬಿಡಿಯಲ್ಲಿ ದಿಗ್ನಾಗೆ ಗಲಾಟೆ ಮಾಡಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಅವಳು ತೆಪ್ಪಗಾದರೆ ಕ್ಲಾಸೂ ತೆಪ್ಪಗಾಗುತ್ತಿತ್ತು.

ಆದರೆ ಕೆಟ್ಟ ಗಂಟಲು ಅಷ್ಟರಿಂದ ಸುಧಾರಿಸಲಿಲ್ಲ. ಕೊನೆಗೆ ಒಂದು ವರ್ಷ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಈಗಲೇ ಪಾಠ ಬಿಟ್ಟು ಬಾಯಿ ಮುಚ್ಚಿಕೊಂಡು ಕೂತರೆ ದನಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ರಜೆ ಕೇಳಿದರೆ ಹೆಡ್‌ಮಾಸ್ಟರ್ ವಿಲ್ಫ್ರಿದೊ ತಲೆ ಕೆರೆದುಕೊಂಡರು.

"ಹೊಸ ಹುಡುಗಿ ಅನಾಲಿಯಾ ಕ್ಲಾಸು ಹಿಡೀಲಿ, ಆಮೇಲೆ ಹೋಗ್ರಿ. ಒಂದು ವಾರ ಹಿಂದಿನ ಬೆಂಚಲ್ಲಿ ಕೂತು ನೋಡ್ಕೊಳ್ಳಿ."

ಅನಾಲಿಯಾ ಆಗತಾನೆ ತರಬೇತಿ ಮುಗಿಸಿ ಬಂದವಳು. "ನನ್ನ ಕೈಲಾಗುತ್ತಾ ಪ್ರೊಫೆ?" ಎಂದು ಕಾರಿಡಾರಿನಲ್ಲಿ ಸುನಿಲ್ಡಾರನ್ನು ಕೇಳಿದಳು. ನಮ್ಮಲ್ಲಿ ಟೀಚರನ್ನು ಕರೆಯುವುದೇ ಪ್ರೊಫೆ ಎಂದು.

"ಆಗ್ದೆ ಏನು? ಬಾಗ್ಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರಿ. ಯಾರಾದ್ರೂ ಕೂಗಾಡಿದ್ರೆ ಹತ್ರ ಹೋಗಿ ನಿಂತ್ಕೋ, ದೂರದಿಂದ ಬೈಬೇಡ. ಹೂಜಿ ದಿಗ್ನಾ ಹತ್ರಾನೇ ಇರ್ಲಿ."

"ಆ ಗಂಡುಬೀರಿ ಹತ್ರಾನಾ?"

"ಅವಳ ಹತ್ರಾನೇ ಕಣಮ್ಮ."

ಮಂಗಳವಾರದವರೆಗೆ ಎಲ್ಲ ಸರಿಯಾಗಿತ್ತು. ಬುಧವಾರ ದಿಗ್ನಾ ಹೂಜಿ ಹಿಡಿದುಕೊಂಡೇ ಅನಾಲಿಯಾಳ ನಡಿಗೆಯನ್ನು ಅಣಕಿಸಿದಳು. "ಪ್ರೊಫೆ ಚಪ್ಪಲಿ ನೋಡ್ರೋ, ಮದುವೆಗೆ ಹೊರಟಂಗಿದೆ!" ಕ್ಲಾಸು ಹೋ ಎಂದು ನಕ್ಕಿತು. ಅನಾಲಿಯಾ ಕೆಂಪಗಾಗಿ ಹೂಜಿ ಕಿತ್ತುಕೊಂಡು ತಾನೇ ಸುರಿಯತೊಡಗಿದಳು. ದಿಗ್ನಾಳ ಸರದಿ ಬಂದಾಗ ಅವಳನ್ನು ದಾಟಿ ಪಕ್ಕದವನಿಗೆ ಲೋಟ ಕೊಟ್ಟಳು.

ನಮ್ಮಲ್ಲಿ ಬೈದರೆ ಮರೆಯುತ್ತಾರೆ, ಎರಡು ಬಿಟ್ಟರೂ ಮರೆಯುತ್ತಾರೆ. ತೆರೆರೆ ಸರದಿಯಲ್ಲಿ ಒಬ್ಬರನ್ನು ದಾಟುವುದೆಂದರೆ ನೀನು ನಮ್ಮವಳೇ ಅಲ್ಲ ಎಂದಂತೆ. ಪಕ್ಕದಲ್ಲಿದ್ದ ಎವೆಲಿಯೊ ತುಂಬಿದ ಲೋಟವನ್ನು ಹಾಗೇ ಹಿಂದಕ್ಕೆ ಕೊಟ್ಟ.

"ನಂಗೆ ಬೇಡ ಪ್ರೊಫೆ."

ಅವನ ಆಚೆಯವಳೂ ಬೇಡ ಎಂದಳು. ಆಮೇಲೆ ಇಡೀ ಕ್ಲಾಸು ಬೇಡ ಎಂದಿತು. ಅವತ್ತು ಯಾರೂ ಓದಲಿಲ್ಲ. ಮರುದಿನವೂ ಅಷ್ಟೆ, ಕೇಳಿದ್ದಕ್ಕೆ ಉತ್ತರವಿಲ್ಲ, ಗಲಾಟೆಯೂ ಇಲ್ಲ, ಎಲ್ಲರೂ ಬೆಂಚು ನೋಡುತ್ತ ಕೂತರು. ಕ್ಲಾಸು ಹಿಡಿತಕ್ಕೆ ಬಂತೆಂದು ಅನಾಲಿಯಾ ಒಳಗೊಳಗೇ ಹಿಗ್ಗಿದಳು.

ಶುಕ್ರವಾರ ವಿಲ್ಫ್ರಿದೊ ಕಿಟಕಿಯಲ್ಲಿ ಇಣುಕಿದರು. "ಅಬ್ಬಬ್ಬಾ, ಒಂದು ನರಪಿಳ್ಳೆ ಮಿಸುಕ್ತಿಲ್ಲ! ಗಟ್ಟಿ ಹುಡುಗಿ ಕಣ್ರಿ. ಸುನಿಲ್ಡಾ, ಸೋಮವಾರದಿಂದ ನೀವು ಮನೇಲಿರಿ."

ನಾನು ಅವರ ಹಿಂದೆಯೇ ನಿಂತಿದ್ದೆ. ಸದ್ಯ, ಸುನಿಲ್ಡಾ ಬದುಕಿದರು ಅನ್ನಿಸಿತು. ಅವರು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಸುನಿಲ್ಡಾ ಬೆಂಚು ಹಿಡಿದುಕೊಂಡು ನಿಧಾನವಾಗಿ ಎದ್ದು ಹೊರಗೆ ಬಂದರು.

"ಕ್ಲಾಸು ಹಿಡಿದಿಲ್ಲ ಸಾರ್. ಮಕ್ಕಳು ಮುನಿಸ್ಕೊಂಡಿದಾರೆ. ಹೀಗೇ ಬಿಟ್ಟು ಹೋದ್ರೆ ವರ್ಷಪೂರ್ತಿ ಒಬ್ರೂ ಬಾಯಿ ಬಿಡಲ್ಲ. ನಾನಿರ್ತೀನಿ."

"ನಿಮ್ಮ ಗಂಟಲು?"

"ಅದು ನಂದಲ್ವಾ, ನೋಡ್ಕೊತೀನಿ."

ವಿಲ್ಫ್ರಿದೊ ಅತ್ತ ಹೋದದ್ದೇ ನಾನು ರೇಗಿದೆ. "ತಲೆಗಿಲೆ ಕೆಟ್ಟಿದೆಯೇನ್ರಿ? ಆ ಹುಡುಗಿ ನಾಲ್ಕು ಸಲ ಮುಗ್ಗರಿಸಿ ತಾನೇ ಕಲೀತಾಳೆ."

"ಮುಗ್ಗರಿಸಿ ಬೀಳೋದು ಮಕ್ಕಳ ಮೇಲೆ ತಾನೇ?" ಎಂದರು. ಆ ಮಾತು ಮುಗಿಸಲೂ ಎರಡು ಸಲ ಕೆಮ್ಮಬೇಕಾಯಿತು.

ಸೋಮವಾರ ಸುನಿಲ್ಡಾ ಹೂಜಿಯನ್ನು ದಿಗ್ನಾಗೆ ಕೊಟ್ಟು, ಅನಾಲಿಯಾಳನ್ನು ಮಕ್ಕಳ ನಡುವೆ ಬೆಂಚಿನಲ್ಲಿ ಕೂರಿಸಿದರು. ಶುಕ್ರವಾರದ ಮಾತನ್ನೆಲ್ಲ ಕಿಟಕಿಯಿಂದ ಕೇಳಿಸಿಕೊಂಡಿದ್ದ ಅನಾಲಿಯಾ ತಲೆ ತಗ್ಗಿಸಿ, "ನಂಗೂ ಒಂದು ಕೊಡ್ತೀಯಾ ದಿಗ್ನಾ?" ಎಂದಳು.

"ಸರದಿ ಬರ್ಲಿ, ಕೊಡ್ತೀನಿ ಪ್ರೊಫೆ. ಅವಸರ ಮಾಡ್ಬೇಡಿ."

ಸರದಿ ಬಂತು. ಅನಾಲಿಯಾ ಕುಡಿದು ತನ್ನ ಪ್ಯಾರಾ ಓದಿದಳು, ಎರಡು ಕಡೆ ತೊದಲಿದಳು. ಮಕ್ಕಳು ಕಿಸಕ್ಕನೆ ನಕ್ಕರು. ಮುಂದಿನ ಪ್ಯಾರಾ ಎವೆಲಿಯೊ ಓದಿದ.

ಕ್ಲಾಸು ಪೂರ್ತಿ ಅವಳ ಕೈಗೆ ಬರುವವರೆಗೆ, ಅಂದರೆ ನವೆಂಬರಿನಲ್ಲಿ ವರ್ಷದ ಪಾಠ ಮುಗಿದು ಶಾಲೆ ಮುಚ್ಚುವವರೆಗೆ, ಸುನಿಲ್ಡಾ ದಿನವೂ ಬಂದರು. ಕೊನೆಕೊನೆಗೆ ಅವರ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಈಗ ನಮ್ಮ ಶಾಲೆಯಲ್ಲಿ ಕಿರುಚಾಟವಿಲ್ಲದ ಕೋಣೆಯೆಂದರೆ ಅನಾಲಿಯಾಳದ್ದೊಂದೇ. ಅದರ ಮುಂದೆ ಹಾದುಹೋಗುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಸುನಿಲ್ಡಾರ ಮನೆ ನಮ್ಮ ಬೇಲಿಯ ಆಚೆಗೇ ಇದೆ. ಸಂಜೆ ಕೋಳಿಗಳನ್ನು ಕೂಗಿ ಕರೆಯಲಾಗದೆ ಅವರು ತಟ್ಟೆ ಬಡಿಯುತ್ತಾರೆ. ಅದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.