ರಸ್ತಾ ನೋಡಿ ಬರುವ ದಾಜಿ

ಚಿಕ್ಕೋಡಿಯಿಂದ ಸಾವಂತವಾಡಿಗೆ ದಾರಿ ಹೇಗೆ ಅಂತ ಕೇಳಿದರೆ ನಮ್ಮ ದಾಜಿ ಮೊದಲು ಚುರಮುರಿ ತರಿಸುತ್ತಿದ್ದರು. ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ ಚುರಮುರಿಯನ್ನು ಸಣ್ಣ ಸಾಲಾಗಿ ಸುರಿದರೆ ಅದೇ ರಸ್ತೆ. ನಿಪ್ಪಾಣಿಗೆ ಒಂದು ಬೆಲ್ಲದ ಚೂರು, ಆಜರಾಕ್ಕೆ ಹಸಿಮೆಣಸಿನಕಾಯಿ, ಆಂಬೋಲಿ ಘಾಟಿಗೆ ಒಂದು ಉಳ್ಳಾಗಡ್ಡಿ. ಸಾವಂತವಾಡಿಯ ಕೆರೆ ಅಂತ ಕೊನೆಗೆ ಒಂದು ವಾಟಿ ನೀರು.

"ಇಲ್ಲಿ ಸೆಕೆಂಡ್ ಗೇರ್. ಇಲ್ಲಿ ಹಾರ್ನ್. ಇಲ್ಲಿ ಮಾತ್ರ ಎಲ್ಲಾರೂ ಬಾಯಿ ಮುಚ್ಚಿಕೊಂಡು ಕೂಡ್ರಬೇಕು," ಎಂದು ಉಳ್ಳಾಗಡ್ಡಿಯ ಸುತ್ತ ಬೆರಳು ತಿರುಗಿಸುತ್ತಿದ್ದರು. ಅವರು ಘಾಟಿ ಇಳಿಯುವಷ್ಟರಲ್ಲಿ ನಾವು ನಿಪ್ಪಾಣಿಯವರೆಗಿನ ರಸ್ತೆ ತಿಂದು ಮುಗಿಸಿರುತ್ತಿದ್ದೆವು.

ದಾಜಿ ಅಂದರೆ ನನ್ನ ಅಕ್ಕ ಸುಶೀಲಾಳ ಗಂಡ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ಲಾರಿ ಓಡಿಸಿದರು, ಆಮೇಲೆ ಒಂದು ಜೀಪು ಕೊಂಡರು. ಲಾರಿಯ ಕಾಲದಲ್ಲಿ ಒಮ್ಮೆ ಆಂಬೋಲಿಯ ಮಂಜಿನಲ್ಲಿ ಮುಂದಿನ ಗಾಲಿ ರಸ್ತೆಯಂಚಿನ ಕಟ್ಟೆ ಏರಿ, ಕೆಳಗಿನ ಕಣಿವೆ ಕಂಡಿತಂತೆ. ಅಂದಿನಿಂದ ಅವರದೊಂದು ಕಾನೂನು: ಮನೆಯ ಹೆಣ್ಣುಮಕ್ಕಳನ್ನು ಘಾಟಿಗೆ ಒಯ್ಯಬೇಕಾದರೆ ಡ್ರೈವರ್ ಮೊದಲು ತಾನೊಬ್ಬನೇ ಹೋಗಿ ರಸ್ತೆ ನೋಡಿ ಬರಬೇಕು.

ಅಕ್ಕನಿಗೆ ಆಸೆ ಇದ್ದದ್ದು ಒಂದೇ. ಶ್ರಾವಣದಲ್ಲಿ ಆ ಘಾಟಿನ ಧಬಧಬಿ, ಅಂದರೆ ಜಲಪಾತ, ರಸ್ತೆಯ ಅಂಚಿಗೇ ಬೀಳುತ್ತದೆ ಅಂತ ಕೇಳಿದ್ದಳು. ಅದರ ಕೆಳಗೆ ಕೈ ಒಡ್ಡಬೇಕು. ಮೂರು ತಾಸಿನ ದಾರಿ, ಅಷ್ಟೇ.

ಪ್ರತಿ ಶ್ರಾವಣವೂ ದಾಜಿ ರಸ್ತೆ ನೋಡಲು ಹೋದರು, ಪ್ರತಿ ಸಲವೂ ಏನಾದರೂ ತಂದರು. ಒಂದು ವರ್ಷ ಮಂಜು, ಒಂದು ವರ್ಷ ಕುಸಿದ ಮಣ್ಣು, ಒಂದು ವರ್ಷ "ಬಾಳ ಗದ್ದಲ ಐತಿ, ಕುಡುಕರು". ಅಕ್ಕನಿಗೆ ಸಾವಂತವಾಡಿಯ ಕಟ್ಟಿಗೆಯ ಹಣ್ಣುಗಳನ್ನೂ ತಂದರು. ಕಟ್ಟಿಗೆಯ ಮಾವು, ಕಟ್ಟಿಗೆಯ ಬಾಳೆ. ಆಕೆಯ ಕಪಾಟು ತುಂಬಿತು.

ಒಂದು ಸಲ ಅಕ್ಕ ಹಟ ಹಿಡಿದು, ದಶಮಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹೊಸ ಇಳಕಲ್ ಉಟ್ಟು ಬೆಳಿಗ್ಗೆಯೇ ಜೀಪಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ನಾನು ಹಿಂದೆ. ದಾಜಿ ಹೊರಗೆ ಬಂದು ತಲೆ ತುರಿಸಿದರು.

"ನಿನ್ನೆ ನೋಡಿ ಬಂದೇನಿ. ಕಲ್ಲು ಬಿದ್ದಾವ. ಇಳೀರಿ."

"ನಾ ಇಳಿಯಂಗಿಲ್ಲ," ಅಂದಳು ಅಕ್ಕ. "ಏ ಕಮಲಾ, ಬುತ್ತಿ ಬಿಚ್ಚ. ನಿಪ್ಪಾಣಿ ದಾಟೇವಿ."

ಅಂಗಳದಲ್ಲಿ ನಿಂತ ಜೀಪಿನಲ್ಲಿ ನಾವಿಬ್ಬರೂ ದಶಮಿ ತಿಂದೆವು. ಅಕ್ಕ ಊರುಗಳ ಹೆಸರು ಹೇಳುತ್ತಾ ಹೋದಳು. "ಆಂಬೋಲಿ ಬಂತು ನೋಡ" ಅಂದಾಗ ದಾಜಿ ಬಚ್ಚಲಿಗೆ ಹೋಗಿ ಒಂದು ಕೊಡ ನೀರು ತಂದು ಮುಂದಿನ ಗಾಜಿನ ಮೇಲೆ ಧೋ ಎಂದು ಸುರಿದರು.

"ತಗೋ, ಧಬಧಬಿ!"

ಓಣಿಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು, ಕಿಟಕಿಯಿಂದ ಕೈ ಹೊರಗೆ ಚಾಚಿ ನೀರು ಹಿಡಿದಳು. ಆಮೇಲೆ ಮುಖ ಆಚೆ ತಿರುಗಿಸಿದಳು. ಹಿಂದೆ ಕೂತ ನನಗೆ ಮಾತ್ರ ಅದು ಕಂಡಿತು. ಮತ್ತೆ ಆಕೆ ಘಾಟಿನ ಮಾತು ಎತ್ತಲಿಲ್ಲ. ಎರಡು ಮಳೆಗಾಲ ಕಳೆದು ಜ್ವರದಲ್ಲಿ ತೀರಿಕೊಂಡಳು.

ಈಗ ನನ್ನ ಸಂತೋಷ ಹೇಳುತ್ತೇನೆ. ನನ್ನ ಮೊಮ್ಮಗಳು ದೀಪಾ ಕಾರು ಓಡಿಸುತ್ತಾಳೆ! ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು; ನನ್ನ ಮೊಮ್ಮಗಳು ನರ್ಸ್ ಆಗಿ, ತನ್ನ ಪಗಾರದಲ್ಲಿ ಹಳೆಯ ಕಾರು ಕೊಂಡು, ಬಾಗಿಲು ತೆರೆದು, "ಆಯೀ, ಮುಂದ ಕೂಡ್ರು" ಅನ್ನುತ್ತಾಳೆ. ಹೋದ ಶ್ರಾವಣದಲ್ಲಿ ಆಂಬೋಲಿಗೇ ಹೊರಟಳು. ನಾನು ಓಣಿಗೆಲ್ಲ ಹೇಳಿಕೊಂಡು ಬಂದೆ.

ದಾಜಿಯನ್ನು ಕರೆದೆವು. ಅವರು ಪೇಪರ್ ಹಾಸಿ ಚುರಮುರಿ ಹರವಿದರು.

"ಮೊದಲ ನಾ ಹೋಗಿ ನೋಡಿ ಬರ್ತೀನಿ. ಎಂಟು ದಿನಾ ತಡೀರಿ."

"ಅಜ್ಜಾ, ಮೊಬೈಲ್‌ನ್ಯಾಗ ಎಲ್ಲಾ ಕಾಣತೈತಿ," ಎಂದು ದೀಪಾ ನಕ್ಕಳು. "ಗಾಡ್ಯಾಗ ಕೂಡ್ರಿ, ಜೋಡೀಲೇ ನೋಡೂಣು."

ಅವರು ಬರಲಿಲ್ಲ.

ನಾವು ಹೋದೆವು. ನನ್ನ ಕೂಸು ಎಷ್ಟು ಚಂದ ಓಡಿಸಿತು! ತಿರುವಿಗೊಂದು ಹಾರ್ನ್ ಹೊಡೆದು, ಘಾಟಿನಲ್ಲಿ ಸೆಕೆಂಡ್ ಗೇರ್ ಹಾಕಿ, ಥೇಟ್ ದಾಜಿಯ ಚುರಮುರಿ ರಸ್ತೆಯ ಹಾಗೆ. ಧಬಧಬಿ ರಸ್ತೆಯ ಅಂಚಿಗೇ ಬೀಳುತ್ತಿತ್ತು. ನನಗಿಂತ ಮುದುಕಿಯೊಬ್ಬಳು ಸೀರೆ ಎತ್ತಿಕಟ್ಟಿ ಅದರ ಕೆಳಗೆ ನಿಂತಿದ್ದಳು. ಒಬ್ಬಳು ಸಣ್ಣ ಹುಡುಗನನ್ನು ಸ್ಕೂಟರ್ ಮೇಲೆ ಕೂರಿಸಿ ಸುಟ್ಟ ತೆನೆ ತಿನ್ನಿಸುತ್ತಿದ್ದಳು. ನಾನು ಕೈ ಒಡ್ಡಿದೆ. ನೀರು ತಣ್ಣಗಿತ್ತು, ಅಷ್ಟೇ.

ಚಹಾದಂಗಡಿಯ ಮುದುಕನನ್ನು ಮರಾಠಿಯಲ್ಲಿ ಕೇಳಿದೆ, ಈ ರಸ್ತೆ ಯಾವಾಗಿನಿಂದ ಚೆನ್ನಾಗಿದೆ ಎಂದು. ತಾನು ಅಂಗಡಿ ಇಟ್ಟಾಗಿನಿಂದ ಹೀಗೇ ಇದೆ, ಮಳೆಗಾಲದಲ್ಲಿ ಒಂದೆರಡು ದಿನ ಬಂದಾದರೆ ಹೆಚ್ಚು ಅಂದ. ಅಂಗಡಿ ಇಟ್ಟು ಎಷ್ಟು ವರ್ಷವಾಯಿತು ಅಂದೆ. ನಮ್ಮ ಅಕ್ಕನ ಮದುವೆಗಿಂತ ಹಳೆಯ ಅಂಗಡಿ.

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ತಿರುಗಿ ಬರುವಾಗ ದಾರಿಯುದ್ದಕ್ಕೂ ದಾಜಿಗೆ ಅನ್ನಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ.

ಅವರು ಕಟ್ಟೆಯ ಮೇಲೆ ಕೂತು ನಮ್ಮ ದಾರಿಯನ್ನೇ ಕಾಯುತ್ತಿದ್ದರು. ಬೆಳಗಿನ ಚುರಮುರಿ ಹಾಗೇ ಇತ್ತು, ಯಾರೂ ತಿಂದಿರಲಿಲ್ಲ.

"ರಸ್ತಾ ಹೆಂಗೈತಿ, ಕಮಲಾ?"

ಸುಳ್ಳು ಹೇಳಬಹುದಿತ್ತು. ಕಲ್ಲು ಬಿದ್ದಿದ್ದವು ಅಂದಿದ್ದರೆ ಅವರ ಜೀವ ತಣ್ಣಗಾಗುತ್ತಿತ್ತು.

"ಚೊಲೋ ಐತ್ರಿ ದಾಜಿ," ಅಂದೆ. "ಮೊದಲಿಂದನೂ ಚೊಲೋನ ಇತ್ತಂತ್ರಿ."

ಅವರು ಪೇಪರಿನ ನಾಲ್ಕೂ ಮೂಲೆ ಹಿಡಿದೆತ್ತಿ, ಬೆಲ್ಲ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲವನ್ನೂ ಒಟ್ಟಿಗೆ ಗಂಟು ಕಟ್ಟಿದರು. ವಾಟಿಯ ನೀರನ್ನು ಅಂಗಳದಲ್ಲಿ ನಿಂತ ಜೀಪಿನ ಗಾಲಿಗೆ ಚೆಲ್ಲಿದರು. ಒಳಗೆ ಹೋಗುವಾಗ ಹೊಸ್ತಿಲಲ್ಲಿ ನಿಂತು, ತಿರುಗಿ ನೋಡದೆ ಅಂದರು:

"ನಿಮ್ಮ ಅಕ್ಕಗ ಹೇಳಬ್ಯಾಡ."

ದಸರೆಯೊಳಗೆ ಅವರೂ ತೀರಿಕೊಂಡರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.