ಯಾವ ಸಾಲಿನಲ್ಲಿದೆ, ಬೆರಳಿಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಇದಕ್ಕೆ ಕಾರಣ ಅಪ್ಪ. ಅಪ್ಪ ದನದ ಸಂತೆಯ ದಲಾಲಿ. ಕೊಪ್ಪಳವಿರಲಿ, ಕುಷ್ಟಗಿಯಿರಲಿ, ಸಂತೆ ಕೂಡಿದಲ್ಲಿ ಹೆಗಲಿಗೊಂದು ವಸ್ತ್ರ ಹಾಕಿಕೊಂಡು ಹೋಗಿ, ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುತ್ತಿದ್ದ. ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಆಗ ಇರಲಿಲ್ಲ. ವಸ್ತ್ರದ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಒತ್ತಿ ತಿಳಿಸುತ್ತಿದ್ದರು. "ಬಾಯಿ ಸುಳ್ಳು ಹೇಳತೈತಿ, ಬೆರಳು ಹೇಳೂದಿಲ್ಲ" ಎಂದು ಅಪ್ಪ ಆಗಾಗ ಅನ್ನುತ್ತಿದ್ದ.

ಸಂತೆಯಲ್ಲಿ ಅಪ್ಪ ಏನೆಲ್ಲ ನೋಡಿದ್ದ! ಮುದಿ ಎತ್ತಿನ ಹಲ್ಲು ಉಜ್ಜಿ ಹರೆಯದ್ದೆಂದು ಮಾರುವವರು, ಕೋಡು ಹೆರೆದು ಬಣ್ಣ ಬಳಿಯುವವರು, ಕುಂಟುವ ಎತ್ತನ್ನು ಕೆಸರಿನಲ್ಲಿ ನಿಲ್ಲಿಸಿ ತೋರಿಸುವವರು. ಹೀಗಾಗಿ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನರ ನಡುವೆ, ಎಲ್ಲಿ, ಕರು ತೋರಿಸು ಎನ್ನುವ ಮನುಷ್ಯ ಅವನು. ನಾನು ಊಟ ಮಾಡಿದೆ ಎಂದರೆ ನನ್ನ ಕೈ ಮೂಸಿ ನೋಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಆದರೆ ನನ್ನಲ್ಲೂ ಒಂದು ಕಳ್ಳತನವಿತ್ತು, ಅದನ್ನು ಈಗ ಹೇಳುತ್ತೇನೆ.

ಆಗ ನಮ್ಮ ಸೀಮೆಯಲ್ಲಿ ನಿಜಾಮರ ಆಳ್ವಿಕೆ. ನಮ್ಮ ದೊಡ್ಡ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಿಮಗೆ ಭಾನುವಾರ ರಜೆಯಾದರೆ ನಮಗೆ ಶುಕ್ರವಾರ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು, ಇವೆರಡರ ಮೇಲೆ ಇಂಗ್ಲಿಷ್. ಇಂಗ್ಲಿಷಿನ ಮಾಸ್ತರರು ಹಲಗೆಯ ಮೇಲೆ ನಾವು ಹಿಂದೆಂದೂ ಓದಿರದ ಒಂದು ತುಣುಕು ಬರೆದು, ಕೆಳಗೆ ಐದು ಪ್ರಶ್ನೆ ಹಾಕುತ್ತಿದ್ದರು. ತುಣುಕನ್ನು ಓದಿ ತಿಳಿದು ಉತ್ತರ ಬರೆಯಬೇಕು. ನನಗೆ ಮತ್ತು ನನ್ನ ಗೆಳೆಯನಿಗೆ ಐದಕ್ಕೆ ಐದು ಬರುತ್ತಿತ್ತು. ಕೆಂಪು ಮಸಿಯಲ್ಲಿ 'ವೆರಿ ಗುಡ್' ಎಂದು ಬರೆಸಿಕೊಂಡು ಬರುತ್ತಿದ್ದೆವು. ಗೆಳೆಯ ನಮ್ಮ ಓಣಿಯವನೇ, ಎತ್ತುಗಳ ಕಾಲಿಗೆ ನಾಲು ಹೊಡೆಯುವ ಸಾಬರ ಮಗ.

ಗುಟ್ಟು ಏನೆಂದರೆ, ನಮಗಿಬ್ಬರಿಗೂ ಆ ತುಣುಕಿನ ತಲೆಬುಡ ತಿಳಿಯುತ್ತಿರಲಿಲ್ಲ. ಪ್ರಶ್ನೆಯಲ್ಲಿ 'ಫಾರ್ಮರ್' ಎಂದಿದ್ದರೆ, ಹಲಗೆಯ ಮೇಲೆ 'ಫಾರ್ಮರ್' ಎಲ್ಲಿದೆ ಎಂದು ಹುಡುಕುವುದು. 'ಹೆನ್' ಎಂದಿದ್ದರೆ ಅದನ್ನೂ ಹುಡುಕುವುದು. ಎರಡೂ ಕೂಡಿರುವ ಸಾಲು ಸಿಕ್ಕಿತೋ, ಅದನ್ನೇ ಚುಕ್ಕೆ ಬಿಡದೆ ಇಳಿಸುವುದು. ರೈತ ಕೋಳಿಯನ್ನು ಸಾಕಿದನೋ ಕೊಯ್ದನೋ, ನಮಗೇನು? ಉತ್ತರ ಸರಿಯಾಗಿರುತ್ತಿತ್ತು.

ಅಪ್ಪನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಒಂದು ಸಂಜೆ ನಮ್ಮಿಬ್ಬರ ನೋಟುಬುಕ್ಕು ಪಕ್ಕಪಕ್ಕದಲ್ಲಿಟ್ಟು, ಕಂದೀಲಿನ ಬತ್ತಿ ಏರಿಸಿ, ಸಾಲಿಗೆ ಸಾಲು ಹಚ್ಚಿ ನೋಡಿದ.

"ಇಬ್ಬರ ಅಕ್ಷರಾನೂ ಸುಳಿಗೆ ಸುಳಿ ಹೊಂದತಾವಲ್ಲೋ. ಇದು ಹೆಂಗ?"

"ಪಾಠ ಒಂದ ಐತೆಪ್ಪಾ, ಅದಕ್ಕ ಉತ್ತರಾನೂ ಒಂದ" ಎಂದೆ ನಾನು.

ಉಜ್ಜಿದ ಹಲ್ಲಿನ ಎತ್ತನ್ನು ನೋಡುವ ಹಾಗೆ ಅಪ್ಪ ನನ್ನನ್ನು ನೋಡಿ ಕಂದೀಲು ಸಣ್ಣ ಮಾಡಿದ. ಅಂದಿನಿಂದ ಅವನೆದುರು ಪುಸ್ತಕ ಹಿಡಿಯಲು ನನಗೆ ಅಂಜಿಕೆ.

ನಾನು ಹೇಳಬೇಕೆಂದಿರುವುದು ಶೇಂಗಾ ಕೀಳುವ ಸುಗ್ಗಿಯ ಒಂದು ಶುಕ್ರವಾರದ ಮಾತು. ನಮ್ಮಲ್ಲಿ ಬಸವ ಎಂಬ ಕೆಂದು ಬಣ್ಣದ ಎತ್ತಿತ್ತು. ಅದರ ತಾಯಿ ಹಾವು ಕಡಿದು ಸತ್ತಾಗ ಅದು ಇನ್ನೂ ಹಸುಗರು. ಅಕ್ಕ ಅದಕ್ಕೆ ಬಟ್ಟೆ ಅದ್ದಿ ಹಾಲು ಚೀಪಿಸಿ, ಚಳಿಯಲ್ಲಿ ತನ್ನ ಕೌದಿ ಹೊದಿಸಿ ಬೆಳೆಸಿದ್ದಳು. ಸಂತೆಯಲ್ಲಿ ಯಾರೆಷ್ಟು ಬೆರಳು ಒತ್ತಿದರೂ ಅಪ್ಪ ಆ ಒಂದು ಎತ್ತನ್ನು ಮಾರಲಿಲ್ಲ. ಅಕ್ಕ ಕೂಗಿದರೆ ಅದು ಕಿವಿ ತಿರುಗಿಸುತ್ತಿತ್ತು.

ಆ ಬೆಳಿಗ್ಗೆ ಬಸವ ಹಗ್ಗ ಹರಿದುಕೊಂಡು ಹಿತ್ತಲಿನಲ್ಲಿ ಒಟ್ಟಿದ್ದ ಹಸಿ ಶೇಂಗಾ ಬಳ್ಳಿಯನ್ನು ಹೊಟ್ಟೆ ಬಿರಿಯೆ ತಿಂದಿತ್ತು. ನಾವು ಏಳುವ ಹೊತ್ತಿಗೆ ಎಡಗಡೆಯ ಹೊಟ್ಟೆ ಉಬ್ಬಿ ನಗಾರಿಯಾಗಿತ್ತು. ಬಾಯಿಂದ ಜೊಲ್ಲು, ಕಣ್ಣು ಗುಡ್ಡೆ ಹೊರಗೆ. ಅಪ್ಪ ಅಜವಾನ ಅರೆದು, ಇಂಗು ಕದಡಿ, ಕುಸುಬಿ ಎಣ್ಣೆಯಲ್ಲಿ ಕಲಸಿ ಬಿದಿರಿನ ಗೊಟ್ಟದಿಂದ ಕುಡಿಸಿದ. ಕೊಟ್ಟಿಗೆಯ ತುಂಬ ಇಂಗಿನ ವಾಸನೆ. ಅಕ್ಕ ಎರಡೂ ಅಂಗೈಯಿಂದ ಹೊಟ್ಟೆ ತಿಕ್ಕುತ್ತಲೇ ಇದ್ದಳು. ಬಿಸಿಲು ಏರಿತು, ಉಬ್ಬರ ಇಳಿಯಲಿಲ್ಲ. ದನದ ದವಾಖಾನೆಗೆ ಹೋಗಿ ನೋಡಿದರೆ, ಶುಕ್ರವಾರದ ರಜೆ, ಬಾಗಿಲಿಗೆ ಬೀಗ.

ಆಗ ಅಪ್ಪ ಗೋಡೆಯ ಗೂಡಿಗೆ ಕೈ ಹಾಕಿ ಒಂದು ಸೀಸೆ ತೆಗೆದ. ಹಿಂದಿನ ವರ್ಷ ಸಂತೆಯಲ್ಲಿ ಯಾರೋ ಪರವೂರಿನವನು, ಎತ್ತಿನ ಯಾವ ಬೇನೆಗೂ ಆಗುತ್ತದೆ ಎಂದು ಹೇಳಿ ಪುಗಸಟ್ಟೆ ಕೊಟ್ಟು ಹೋಗಿದ್ದ. ಪುಗಸಟ್ಟೆ ಬಂದದ್ದೆಂದೇ ಅಪ್ಪನಿಗೆ ಅನುಮಾನ. ಮುಚ್ಚಳ ಕೂಡ ತೆಗೆಯದೆ ಇಟ್ಟಿದ್ದ. ಸೀಸೆಗೆ ಮಡಚಿ ಸುತ್ತಿದ ಇಂಗ್ಲಿಷ್ ಕಾಗದವೊಂದಿತ್ತು. ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ.

"ಓದಿ ಹೇಳು. ಇದು ಕುಡಿಸೂದೋ, ಮೈಗೆ ಹಚ್ಚೂದೋ?"

ಮಕ್ಕಳೇ, ಅಪ್ಪ ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ! ಅವನ ಪ್ರಶ್ನೆಯ ಯಾವ ಪದವೂ ಆ ಕಾಗದದಲ್ಲಿರಲಿಲ್ಲ. ಏನನ್ನು ಹುಡುಕಲಿ, ಯಾವ ಸಾಲನ್ನು ಇಳಿಸಲಿ? ಕಾಗದದ ನೆತ್ತಿಯ ಮೇಲೆ ಮುಖವೆತ್ತಿ ನಿಂತ ಎತ್ತಿನ ಚಿತ್ರವೊಂದಿತ್ತು. ಮುಖ ಎತ್ತಿದೆ ಎಂದ ಮೇಲೆ ಕುಡಿಯುವುದಕ್ಕೇ ಇರಬೇಕು ಎಂದು ನನ್ನ ಜಾಣತನ ಹೇಳಿತು.

"ಕುಡಿಸೂದಪ್ಪ. ದಿನಕ್ಕ ಎರಡು ಸಲ, ಬೆಳಿಗ್ಗೆ ಒಮ್ಮಿ, ಸಂಜಿಗೆ ಒಮ್ಮಿ" ಎಂದುಬಿಟ್ಟೆ.

ಅಪ್ಪ ನನ್ನನ್ನೇ ನೋಡಿದ. ಸಂತೆಯಲ್ಲಿ ಒಬ್ಬನ ಮಾತಿಗೆ ಅವನೆಂದೂ ಎತ್ತು ಕೊಂಡವನಲ್ಲ. "ಹೋಗು, ನಿನ್ನ ಗೆಳ್ಯಾನ ಕರಕೊಂಡು ಬಾ" ಎಂದ. ನಾನು ಓಡಿದೆ. ದಾರಿಯಲ್ಲಿ ಗೆಳೆಯನಿಗೆ ಎಲ್ಲ ಹೇಳಿ, ನಾನು ಅಂದದ್ದನ್ನೇ ಅನ್ನು, ಇಲ್ಲವಾದರೆ ನಮ್ಮ ಐದಕ್ಕೆ ಐದರ ಬಣ್ಣ ಇವತ್ತೇ ಬಯಲಾಗುತ್ತದೆ ಎಂದು ಕೈ ಮುಗಿದೆ. ಪಾಪ, ಅವನೂ ಹೆದರಿದ್ದ. ಬಂದವನು ಕಾಗದದ ಮೇಲೆ ಕಣ್ಣಾಡಿಸಿದಂತೆ ಮಾಡಿ ಒಪ್ಪಿಸಿದ.

"ಕುಡಿಸೂದು ಕಾಕಾ. ದಿನಕ್ಕ ಎರಡು ಸಲ, ಬೆಳಿಗ್ಗೆ ಒಮ್ಮಿ, ಸಂಜಿಗೆ ಒಮ್ಮಿ."

ಅಕ್ಕ ಆಗಲೇ ಬಸವನ ಮುಖವನ್ನು ತೋಳಿನಲ್ಲಿ ಎತ್ತಿ ಹಿಡಿದಿದ್ದಳು. ಅಪ್ಪ ಸೀಸೆಯ ಮದ್ದನ್ನು ಗೊಟ್ಟಕ್ಕೆ ಸುರಿದ. ಘಾಟು ವಾಸನೆ ಮೂಗಿಗೆ ಬಡಿಯಿತು. ಗೊಟ್ಟ ಬಸವನ ಬಾಯಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ತಡಿಯವ್ವಾ" ಎಂದ ಅಪ್ಪ. ನಮ್ಮ ಕಡೆ ತಿರುಗಿದ. "ಇಬ್ಬರು ಒಂದ ಮಾತು ಹೇಳಿದ್ರ ನಂಬಬಹುದು. ಇಬ್ಬರೂ ಅಕ್ಷರಕ್ಕ ಅಕ್ಷರ ಒಂದ ಹೇಳಿದ್ರ, ದಾರ್ಯಾಗ ಕೂಡಿ ಮಾತಾಡಿಕೊಂಡು ಬಂದಾರಂತ ಲೆಕ್ಕ. ಸಂತ್ಯಾಗ ನಾ ಇದನ್ನ ಭಾಳ ನೋಡೀನಿ."

ಗೆಳೆಯನನ್ನು ಅಂಗಳದ ಬೇವಿನ ಮರದ ಹತ್ತಿರ ಕಳಿಸಿ, ಕಾಗದವನ್ನು ನನ್ನೆದುರು ಹಿಡಿದ. "ಬೆಳಿಗ್ಗೆ, ಸಂಜಿಗೆ ಅಂದೆಲ್ಲ, ಅದು ಯಾವ ಸಾಲಿನ್ಯಾಗ ಐತಿ? ಬೆರಳಿಡು."

ನಾನು ಎಲ್ಲಕ್ಕಿಂತ ದೊಡ್ಡ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟೆ. ನನ್ನನ್ನು ಹೊರಗೆ ಕಳಿಸಿ ಗೆಳೆಯನನ್ನು ಕರೆದ. ಅವನು ಎಲ್ಲಕ್ಕಿಂತ ಕೆಳಗಿನ ಸಾಲಿನ ಮೇಲೆ ಇಟ್ಟನಂತೆ.

ಅಪ್ಪ ನನ್ನನ್ನು ಮತ್ತೆ ಒಳಗೆ ಕರೆದ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅಕ್ಕ ಬಸವನ ಕೊರಳು ಬಿಡದೆಯೇ ನನ್ನನ್ನು ನೋಡಿ, "ಇದು ನನ್ನ ಬಸವನ ಬಾಯಾಗ ಹೋಗೂದೈತಿ. ಖರೆ ಹೇಳೋ ತಮ್ಮಾ, ನಿನಗ ಓದಾಕ ಬರತೈತೋ ಇಲ್ಲೋ?" ಎಂದಳು. ನಮ್ಮಿಬ್ಬರಿಗೂ ಅಳು ಒತ್ತರಿಸಿ ಬಂತು. "ಬರೂದಿಲ್ಲಕ್ಕಾ. ನೋಡಿ ಬರಿಯಾಕ ಬರತೈತಿ, ತಿಳಿಯೂದಿಲ್ಲ" ಎಂದೆ. ಅಷ್ಟು ದಿನ ಹೊತ್ತಿದ್ದ ಕಲ್ಲು ಇಳಿಸಿದ ಹಾಗಾಯಿತು, ಆದರೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಪ್ಪ ಗೊಟ್ಟದ ಮದ್ದನ್ನು ಸೀಸೆಗೆ ತಿರುಗಿ ಸುರಿದ. "ಬರದಿದ್ರ ಬರೂ ಹಂಗ ಓದ್ರಿ. ಇಬ್ಬರೂ ಕುಂದರ್ರಿ. ನಾ ಎತ್ತಿನ ಹೊಟ್ಟಿ ತಿಕ್ಕತೀನಿ."

ಗೆಳೆಯ ಮನೆಗೆ ಓಡಿ, ಊರಲ್ಲಿಲ್ಲದ ತನ್ನ ಅಣ್ಣನ ದಪ್ಪ ನಿಘಂಟು ತಂದ. ಇಂಗ್ಲಿಷ್ ಪದಕ್ಕೆ ಉರ್ದು ಅರ್ಥ ಬರೆದ ಪುಸ್ತಕ. ಕೊಟ್ಟಿಗೆಯ ಬಾಗಿಲಲ್ಲಿ ಮೊಣಕಾಲೂರಿ, ಕಾಗದವನ್ನು ಸಗಣಿ ಸಾರಿಸಿದ ನೆಲದ ಮೇಲೆ ಹರಡಿ, ಒಂದೊಂದೇ ಪದ ಹಿಡಿದೆವು. ಅವನು ಉರ್ದು ಹೇಳುವನು, ನಾನು ಅದನ್ನು ಕನ್ನಡಕ್ಕೆ ತರುವೆ. ಪದ ತಿಳಿದ ಮೇಲೂ ಸಾಲು ತಿಳಿಯುತ್ತಿರಲಿಲ್ಲ, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಕೂಡಿಸಿ ನೋಡುತ್ತಿದ್ದೆವು. ಹಿಂದೆ ಬಸವನ ಏದುಸಿರು ಕೇಳುತ್ತಿತ್ತು. ನಡುವಿನ ಒಂದು ಸಾಲಿಗೆ ಬಂದಾಗ 'ಸ್ಕಿನ್' ಇತ್ತು, 'ಮೌತ್' ಇತ್ತು, 'ನಾಟ್' ಇತ್ತು. ಇವೆಲ್ಲ ನಮಗೆ ಯಾವಾಗಲೋ ಗೊತ್ತಿದ್ದ ಪದಗಳು, ಎಷ್ಟೋ ಸಲ ನೋಟುಬುಕ್ಕಿಗೆ ಇಳಿಸಿದ್ದವು. ಈ ಸಾಲು ನಮಗೆ ಏನು ಹೇಳುತ್ತಿದೆ ಎಂದು ಕೇಳಿಕೊಂಡದ್ದು ಮಾತ್ರ ಅದೇ ಮೊದಲು. ಅದರ ಕೊನೆಯಲ್ಲಿ ಗೊತ್ತಿಲ್ಲದ ಒಂದು ಪದ. ಗೆಳೆಯ ಹಾಳೆ ತಿರುವಿದ, ಬೆರಳು ಜಾರಿಸಿ ಒಂದು ಕಡೆ ನಿಲ್ಲಿಸಿದ.

"ಜಹರ್" ಎಂದ. ವಿಷ. ಅದನ್ನು ಕನ್ನಡಕ್ಕೆ ತರುವ ಅಗತ್ಯ ಬೀಳಲಿಲ್ಲ.

ಅಪ್ಪ ಎದ್ದು ಬಂದ. ಆಗಲೂ ಅವನು ಅಪ್ಪನೇ! ಮತ್ತೆ ನಮ್ಮನ್ನು ಬೇರೆ ಮಾಡಿದ. ನಾನು ಬೆರಳಿಟ್ಟು, "ಇದು ಚರ್ಮದ ಹುಣ್ಣಿಗೆ ಹಚ್ಚೂದು. ಬಾಯಾಗ ಹಾಕಬಾರದು, ವಿಷ ಐತಿ" ಎಂದೆ. ಗೆಳೆಯ ಬಂದು ಅದೇ ಸಾಲಿನ ಮೇಲೆ ಬೆರಳಿಟ್ಟು, "ಮ್ಯಾಲ ಮ್ಯಾಲ ತಿಕ್ಕೂ ದವಾ ಕಾಕಾ. ಹೊಟ್ಟ್ಯಾಗ ಹೋದ್ರ ಜಾನವರ ಖಲಾಸ್" ಎಂದನಂತೆ.

"ಈಗ ಬೆರಳು ಒಂದ ಕಡೆ ಐತಿ, ಮಾತು ಬ್ಯಾರೆ ಬ್ಯಾರೆ ಅದಾವು" ಎಂದ ಅಪ್ಪ. "ಇದು ಖರೆ."

ಸೀಸೆಯನ್ನು ಎತ್ತಿಡಲು ಹೋದ. ಅಂಥ ಗಟ್ಟಿಗನ ಕೈ ಗಡಗಡ ನಡುಗುತ್ತಿತ್ತು. ಸೀಸೆ ಗೂಡಿನ ಕಲ್ಲಿಗೆ ತಾಗಿ ಟಕಟಕ ಸದ್ದು ಮಾಡಿತು. ತಿರುಗಿ ಬಂದು ನಮ್ಮಿಬ್ಬರ ತಲೆಯ ಮೇಲೂ ಒಂದೊಂದು ಕೈ ಇಟ್ಟ. ಆ ನಡುಕ ನನ್ನ ನೆತ್ತಿಗೆ ತಿಳಿಯಿತು. ಅಪ್ಪನಿಗೂ ಭಯವಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಬೆಳಗಿನ ಇಂಗು ಅಜವಾನ ಕೆಲಸ ಮಾಡಿದವೋ, ಅಕ್ಕನ ಅಂಗೈ ಕೆಲಸ ಮಾಡಿತೋ, ಬಸವ ಓಣಿಗೆಲ್ಲ ಕೇಳುವ ಹಾಗೆ ಒಂದು ದೊಡ್ಡ ತೇಗು ತೇಗಿತು. ಆ ತೇಗಿನ ವಾಸನೆ ಎಷ್ಟು ಕೆಟ್ಟದಾಗಿತ್ತೆಂದರೆ ನಾವೆಲ್ಲ ಮೂಗು ಹಿಡಿದುಕೊಂಡು ನಕ್ಕೆವು. ಅಕ್ಕ ಮಾತ್ರ ಅದರ ಕೊರಳಿಗೆ ಮುಖ ಒತ್ತಿ ಅತ್ತಳು.

ಮುಂದೆ ಸಾಲೆಯಲ್ಲಿ ನನಗೆ ಐದಕ್ಕೆ ಐದು ಬರಲಿಲ್ಲ. ತಿಳಿದಷ್ಟನ್ನು ನನ್ನ ಮಾತಿನಲ್ಲೇ ಬರೆಯತೊಡಗಿದೆ. ತಪ್ಪುಗಳಾಗುತ್ತಿದ್ದವು, ಮಾಸ್ತರರು ಎರಡು, ಮೂರು ಎಂದು ಹಾಕುತ್ತಿದ್ದರು. ಅಪ್ಪ ಎಂದಿನಂತೆ ಎರಡೂ ನೋಟುಬುಕ್ಕು ಪಕ್ಕದಲ್ಲಿಟ್ಟು, ಸುಳಿಗೆ ಸುಳಿ ಹೊಂದದಿರುವುದನ್ನು ನೋಡಿ, "ಈಗ ಛಲೋ ಆತು" ಎನ್ನುತ್ತಿದ್ದ.

ಈಗ ನೀವು ಇದೇ ಪಡಸಾಲೆಯಲ್ಲಿ ಕುಳಿತು ಇಂಗ್ಲಿಷ್ ಓದುತ್ತೀರಿ. ಫೋನಿಗೆ ಕೇಳಿದರೆ ಎಂಥ ಪದಕ್ಕೂ ಅರ್ಥ ಹೇಳುತ್ತದೆ, ಇಡೀ ಪಾಠದ ಉತ್ತರವನ್ನೇ ಬರೆದುಕೊಡುತ್ತದೆ. ನಿಮ್ಮ ನಿಘಂಟಿಗೆ ಗೆದ್ದಲು ಹತ್ತುವುದಿಲ್ಲ, ಕೊಟ್ಟಿಗೆಯಿದ್ದ ಜಾಗದಲ್ಲಿ ನಿಮ್ಮ ಸ್ಕೂಟರ್ ನಿಂತಿದೆ. ನಿಮ್ಮ ಉತ್ತರಗಳು ಗೆಳೆಯರ ಉತ್ತರಗಳಿಗೆ ಹೊಂದುವುದನ್ನು ನೋಡಿದಾಗೆಲ್ಲ ನಾನು "ಬೆರಳಿಡು" ಎನ್ನುತ್ತೇನೆ, ನೀವು ಮುಖ ಊದಿಸುತ್ತೀರಿ. ಅಜ್ಜನಿಗೆ ಬಲು ಅನುಮಾನ ಎಂದು ನೀವು ಗೊಣಗುವುದು ನನಗೆ ಕೇಳಿಸುತ್ತದೆ. ಕಿವಿ ಇನ್ನೂ ಚೆನ್ನಾಗಿದೆ.

ಆದರೆ ಅನುಮಾನ ನಮ್ಮ ವಂಶದ್ದು. ಮೊನ್ನೆ ಮೊದಲ ಸಲ ಈ ಕಥೆ ಕೇಳಿದ ಮೇಲೆ ಸಣ್ಣ ಮೊಮ್ಮಗಳು ಸುಮ್ಮನೆ ಎದ್ದು ಹೋದಳು. ನನ್ನ ಗೆಳೆಯ ಇನ್ನೂ ಅದೇ ಓಣಿಯಲ್ಲಿದ್ದಾನೆ, ಮಂಡಿ ಹಿಡಿದುಕೊಂಡಿದೆ, ಹೊರಗೆ ಬರುವುದಿಲ್ಲ. ಅವನ ಮನೆಗೆ ಹೋಗಿ ಕೇಳಿಕೊಂಡು ಬಂದು ನನ್ನೆದುರು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಅಜ್ಜಾ, ಎತ್ತು ಕೆಂದು ಅಲ್ಲಂತ, ಬಿಳೇದಂತ. ನೀ ಒಬ್ಬನ ಅತ್ತಿಯಂತ, ಆ ಅಜ್ಜ ಅಳಲಿಲ್ಲಂತ. ಆ ಸಾಲು ಮೊದಲ ಹುಡುಕಿದ್ದೂ ಅವರ ಅಂತ."

ನನಗೆ ರೇಗಿತು. ಅವನು ಮೊದಲಿನಿಂದಲೂ ಹಾಗೇ, ಎಂದು ಶುರು ಮಾಡಿದೆ. ಅವಳು ಪೂರ್ತಿ ಕೇಳಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದಳು.

"ಆದರ ಮುತ್ತಜ್ಜನ ಕೈ ನಡಗಿತ್ತಂತ ಅವರೂ ಹೇಳಿದ್ರು. ತಲಿ ಮ್ಯಾಲ ಇಟ್ಟಾಗ ಗೊತ್ತಾತಂತ. ಖರೆ ಐತಿ ಬಿಡು ಅಜ್ಜಾ."